ಗಾಳಿಯನ್ನು ಕೇಳಿ ಒಲೆ ಹಚ್ಚುವ ಊರು

ಕೊಣ್ಣೂರ

ವಿಮಾನ ಬೀಳಬಹುದಿತ್ತು. ಬೀಳುವ ಮಾತು ಆಮೇಲಿನದು, ಮೊದಲಿಗೆ ನಮ್ಮನ್ನು ಹತ್ತಿಸಿಕೊಳ್ಳದೆಯೇ ಹೋಗಬಹುದಿತ್ತು. ಪಾಸ್‌ಪೋರ್ಟಿನ ಫೋಟೋದಲ್ಲಿ ನಾನು ಸಿಟ್ಟಾಗಿದ್ದೇನೆ, ಅಧಿಕಾರಿಗಳ ಮುಂದೆ ನಿಂತಾಗ ಹೆದರಿರುತ್ತೇನೆ. ಇಬ್ಬರೂ ಒಬ್ಬಳೇ ಎಂದು ಅವರು ನಂಬದಿರಬಹುದಿತ್ತು. ಚೀಲದಲ್ಲಿದ್ದ ಕರದಂಟಿನ ಡಬ್ಬಿಗಳನ್ನು ಮದ್ದುಗುಂಡು ಎಂದುಕೊಳ್ಳಬಹುದಿತ್ತು. ಖಡಕ್ ರೊಟ್ಟಿ ಪುಡಿಯಾಗಿ, ಶೇಂಗಾ ಹಿಂಡಿಯ ಪೊಟ್ಟಣ ಒಡೆದು, ಎರಡೂ ಬೆರೆತು ನನ್ನ ಬಟ್ಟೆಗಳ ಮಧ್ಯೆ ಸಂಸಾರ ಹೂಡಬಹುದಿತ್ತು. ಹುಕ್ಕೇರಿಯ ಬೀಗರಿಂದ ಕೇಳಿ ತಂದಿದ್ದ ಸೂಟ್‌ಕೇಸಿನ ಗಾಲಿ ಕಳಚಿ, ವಾಪಸು ಕೊಡುವಾಗ ಮುಖ ತೋರಿಸಲಾಗದೆ ಹೋಗಬಹುದಿತ್ತು. ಜೊತೆಗೆ ಹೊರಟ ದಸ್ತಗೀರ ಕಾಕಾ ಮುಂಬೈಯಲ್ಲೇ ಕಳೆದುಹೋಗಬಹುದಿತ್ತು. ಅಥವಾ ನಾನು ಕಳೆದುಹೋಗಿ ಕಾಕಾ ಒಬ್ಬರೇ ಜಪಾನು ನೋಡಿಕೊಂಡು ಆರಾಮಾಗಿ ಬರಬಹುದಿತ್ತು. ಭೂಮಿ ನಡುಗಬಹುದಿತ್ತು, ಸಮುದ್ರ ಏಳಬಹುದಿತ್ತು, ಊಟಕ್ಕೇನೂ ಸಿಗದೆ ನಾವಿಬ್ಬರೂ ಬೆಲ್ಲ ನೆಕ್ಕಿ ಬದುಕಬೇಕಾಗಬಹುದಿತ್ತು. ಇಷ್ಟೆಲ್ಲ ದಾಟಿಯೂ ಅಲ್ಲಿ ಏನೂ ಕಲಿಯದೆ ಮರಳಿ, ಯುಗಾದಿಗೆ ನಮ್ಮ ಗಾಣ ಮುಚ್ಚಬಹುದಿತ್ತು.

ಕೊನೆಯದೊಂದೇ ನಿಜವಾದ ಚಿಂತೆ. ಉಳಿದವೆಲ್ಲ ಅದರ ಮೇಲೆ ಹೊದಿಸಿದ ಕೌದಿ.

ನಮ್ಮದು ಬೆಲ್ಲದ ಗಾಣ. ಕಬ್ಬು ಅರೆದು, ಅದರ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ ಬೆಲ್ಲ ಮಾಡುತ್ತೇವೆ. ಮಾವನವರು ಹಾಕಿದಾಗ ಅದು ಊರ ಹೊರಗಿತ್ತು. ಗಾಣ ಅಲ್ಲೇ ಉಳಿಯಿತು, ಊರು ನಡೆದುಕೊಂಡು ಬಂದು ಅದರ ಸುತ್ತ ಕುಳಿತಿತು. ಮೂಡಗಾಳಿ ಇದ್ದಾಗ ಹೊಗೆ ಹೊಳೆಯ ಕಡೆ ಹೋಗುತ್ತದೆ, ಯಾರ ತಕರಾರೂ ಇಲ್ಲ. ಶಿವರಾತ್ರಿ ದಾಟಿ ಪಡುಗಾಳಿ ಎದ್ದಿತೆಂದರೆ ಓಣಿಯ ಮೇಲೆಲ್ಲ ಮಸಿ. ನಾವು ಟೈರು ಸುಡುವವರಲ್ಲ, ಕಬ್ಬಿನ ಸಿಪ್ಪೆಯನ್ನೇ ಉರಿಸುತ್ತೇವೆ. ಆದರೆ ಬಿಳಿ ಅಂಗಿಯ ಮೇಲೆ ಬಿದ್ದ ಮಸಿ ತಾನು ಎಲ್ಲಿಂದ ಬಂದೆನೆಂದು ಹೇಳಿಕೊಳ್ಳುವುದಿಲ್ಲ.

ತಕರಾರು ಮಾಡುವವರಲ್ಲಿ ಮುಂಚೂಣಿಯಲ್ಲಿ ಇರುವವಳು ಬಾಜೂ ಮನೆಯ ಗಂಗವ್ವ. ಹಪ್ಪಳ, ಶಾಂಡಗಿ, ಕರದಂಟು ಮಾಡಿ ಮಾರುವ ಹೆಣ್ಣುಮಕ್ಕಳ ಸಂಘ ಅವಳದು. ಗೋಡೆಯಾಚೆಯೇ ಬೆಲ್ಲ ಬೇಯುತ್ತಿದ್ದರೂ ನಮ್ಮ ಮೇಲಿನ ಸಿಟ್ಟಿಗೆ ಮೂಡಲಗಿ ಸಂತೆಯಿಂದ ಬೆಲ್ಲ ಹೊತ್ತು ತರುತ್ತಾಳೆ. ಓಣಿಯ ಹಿರಿಯರು ಕೂಡಿದ ದಿನ ಅವಳು ಎದ್ದು ನಿಂತು ಹೇಳಿದ್ದು ಇಷ್ಟೇ: "ನಿಮ್ಮ ಬೆಲ್ಲಾ ಸಿಹಿ ಇರಬಹುದ್ರಿ. ನನ್ನ ಶಾಂಡಗಿ ಕರ್ರಗಾಗ್ಯಾವ, ಮೊಮ್ಮಗಳ ಕೆಮ್ಮ ನಿಲ್ಲವಲ್ದು. ಎಲ್ಲಿ ಒಣಗಸ್ಲಿ, ನಿಮ್ಮ ತಲಿ ಮ್ಯಾಲೆ?"

ಅವಳು ಹೇಳಿದ್ದು ಖರೆ. ಸಣ್ಣ ಹಿಡುವಳಿಯವರು ಎದ್ದರು. ಸಕ್ಕರೆ ಕಾರ್ಖಾನೆಯ ಸರದಿ ಬರುವ ಹೊತ್ತಿಗೆ ಕಬ್ಬು ಹೂಬಿಟ್ಟಿರುತ್ತದೆ, ಈ ಗಾಣ ಇದೆಯೆಂದೇ ನಾವು ಬದುಕಿದ್ದೇವೆ ಎಂದರು. ಅದೂ ಖರೆ. ಕಬ್ಬು ಕಡಿಯುವವರು, ಒಲೆಗೆ ಸಿಪ್ಪೆ ಹಾಕುವವರು ನಮ್ಮ ಮುಖ ನೋಡಿದರು. ಅದು ಎಲ್ಲಕ್ಕಿಂತ ಖರೆ. ಕಡೆಗೆ ಹಿರಿಯರು ಯುಗಾದಿಯವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಹೊಗೆಯ ವ್ಯವಸ್ಥೆ ಆಗಬೇಕು, ಇಲ್ಲವೇ ಗಾಣ ಏಳಬೇಕು.

ಅದೇ ಸುಮಾರಿಗೆ, ನಾನಾ ದೇಶಗಳ ಸಣ್ಣ ಬೆಲ್ಲ ತಯಾರಕರನ್ನು ಒಬ್ಬರ ಊರಿಗೆ ಒಬ್ಬರನ್ನು ಕಳಿಸುವ ಒಂದು ಸಂಸ್ಥೆಯವರು ನಮ್ಮ ಗಾಣದಿಂದ ಇಬ್ಬರನ್ನು ಜಪಾನಿಗೆ ಕರೆದರು. ಗಾಣ ಬಿಟ್ಟು ಬರಲಾಗದು ಎಂಬುದು ನಮ್ಮ ಯಜಮಾನರು ಕೊಟ್ಟ ಕಾರಣ. ಅವರಿಗೆ ವಿಮಾನದ ಭಯ ಎಂಬುದು ನಾನು ಕೊಡುವ ಕಾರಣ. ಹೀಗಾಗಿ ನಾನು ಹೊರಟೆ. ಜೊತೆಗೆ, ನಮ್ಮಲ್ಲಿ ಬೆಲ್ಲದ ಹದ ನೋಡುವ ದಸ್ತಗೀರ ಕಾಕಾ.

ಆಕಾಶದಲ್ಲಿ

ಕಾಕಾಗೆ ಚಿಂತೆ ಎಂಬ ರೋಗವಿಲ್ಲ. ವಿಮಾನ ಏರಿದ ಕೂಡಲೇ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತರು. ನಾನು ಕುರ್ಚಿಯ ಎರಡೂ ತೋಳು ಹಿಡಿದಿದ್ದೆ.

"ಶಾಂತವ್ವಾ, ನೀ ಹಿಂಗ ಗಟ್ಟಿ ಹಿಡಕೊಂಡ್ರ ವಿಮಾನ ಮ್ಯಾಲೆ ನಿಲ್ತೈತೇನು?"

"ನಾ ಬಿಟ್ಟಾಗ ನಿಂತಿದ್ದು ಯಾರ್ ನೋಡ್ಯಾರ್ರಿ ಕಾಕಾ?"

"ಹಂಗಾರ ಹಿಡ್ಕೋ ಹಿಡ್ಕೋ. ನಾ ಒಂದೀಟು ಮಲಗ್ತೀನಿ," ಎಂದು ನನ್ನ ಭರವಸೆಯ ಮೇಲೆ ಗೊರಕೆ ಹೊಡೆದರು.

ಜಪಾನಿನಲ್ಲಿ ಇಳಿದಾಗ, ನಾನು ಹೆದರಿದ್ದ ಹಾಗೆಯೇ, ಕೈಗವಸು ಹಾಕಿದ ಒಬ್ಬ ತರುಣ ಅಧಿಕಾರಿ ಕರದಂಟಿನ ಡಬ್ಬಿ ತೆರೆಸಿದ. ಮೂಸಿದ. ಕಾಕಾ ಒಂದು ತುಂಡು ಮುರಿದು ಮುಂದೆ ಹಿಡಿದು, "ತಿನ್ರಿ ಸಾಹೇಬ್ರ, ಗೋಕಾಕದ್ದು" ಎಂದರು. ಆತ ಎರಡೂ ಕೈ ಅಲ್ಲಾಡಿಸಿ ಸೊಂಟ ಬಾಗಿಸಿ ಬೇಡವೆಂದ. ಬಾಗಿದವರಿಗೆ ಬಾಗದಿದ್ದರೆ ಹೇಗೆಂದು ಕಾಕಾ ಬಾಗಿದರು. ಅವರು ಬಾಗಿದ್ದಕ್ಕೆ ಆತ ಮತ್ತೆ ಬಾಗಿದ. ಇದು ನಿಲ್ಲುವ ಲಕ್ಷಣ ಕಾಣಲಿಲ್ಲ. ಹಿಂದೆ ಸಾಲು ಬೆಳೆಯಿತು. ಕಡೆಗೆ ನಾನೇ ಕಾಕಾನ ಅಂಗಿ ಜಗ್ಗಿ ಎರಡು ದೇಶಗಳ ನಡುವಿನ ಮರ್ಯಾದೆಯ ಪಂದ್ಯವನ್ನು ನಿಲ್ಲಿಸಬೇಕಾಯಿತು. ಗಾಲಿ ಕಳಚಲಿಲ್ಲ, ರೊಟ್ಟಿ ಮುರಿಯಲಿಲ್ಲ. ನನಗೆ ಸಮಾಧಾನಕ್ಕಿಂತ ಹೆಚ್ಚಾಗಿ ಅನುಮಾನ ಬಂತು. ಎಲ್ಲ ಸರಿಯಾಗಿ ನಡೆಯುತ್ತಿದೆಯೆಂದರೆ ಮುಂದೆ ಏನೋ ದೊಡ್ಡದೇ ಕಾದಿರಬೇಕು.

ದ್ವೀಪ

ನಾವು ಹೋದದ್ದು ದಕ್ಷಿಣದ ತುದಿಯ ಒಂದು ಪುಟ್ಟ ದ್ವೀಪಕ್ಕೆ. ಅದರ ಹೆಸರು ಬರೆಯುವುದಿಲ್ಲ. ತಪ್ಪು ಬರೆದೆನೇನೋ ಎಂಬ ಚಿಂತೆ ನನಗೆ ಬೇಡ. ದೋಣಿ ಇಳಿದು ನೋಡಿದರೆ ಎರಡೂ ಕಡೆ ಕಬ್ಬು. ಇಷ್ಟು ದೂರ ಬಂದದ್ದು ನಮ್ಮ ಪಕ್ಕದ ನಾಗನೂರಿಗೇನೋ ಎನ್ನಿಸಿತು. ವ್ಯತ್ಯಾಸವೆಂದರೆ ನಮ್ಮಲ್ಲಿ ಕಬ್ಬಿನ ಆಚೆ ಮತ್ತೆ ಕಬ್ಬು, ಅಲ್ಲಿ ಕಬ್ಬಿನ ಆಚೆ ಸಮುದ್ರ.

ನಮ್ಮನ್ನು ಕರೆದೊಯ್ಯಲು ಬಂದವಳು ಮಿಯುಕಿ ಎಂಬ ಹುಡುಗಿ. ಪುಣೆಯಲ್ಲಿ ಓದಿ ಹಿಂದಿ ಕಲಿತವಳು. ನನ್ನ ಹಿಂದಿ ಬಸ್ಸಿನಲ್ಲಿ ಸೀಟು ಕೇಳುವಷ್ಟು. ಕಾಕಾ ವ್ಯಾಪಾರದ ಮನೆತನದವರು, ಅವರಿಗೆ ಹಿಂದಿ ಮನೆಯ ಮಾತಿನ ಹಾಗೆ. ಹೀಗಾಗಿ ದ್ವೀಪದವರು ಹೇಳಿದ್ದನ್ನು ಮಿಯುಕಿ ಹಿಂದಿ ಮಾಡುವಳು, ಕಾಕಾ ಅದನ್ನು ಕೊಣ್ಣೂರಿನ ಕನ್ನಡ ಮಾಡುವರು. ಆ ದ್ವೀಪದ ಪ್ರತಿಯೊಬ್ಬ ಮುದುಕ ಮುದುಕಿಯೂ ನನ್ನ ಕಿವಿಗೆ ನಮ್ಮ ಓಣಿಯವರ ಹಾಗೆಯೇ ಮಾತಾಡಿದ್ದಾರೆ. ಕೆಳಗೆ ಬರೆದದ್ದೆಲ್ಲ ಆ ಕನ್ನಡವೇ.

ಗಾಣ ಊರಿನ ನಟ್ಟನಡುವೆ ಇತ್ತು. ಬಾಗಿಲಲ್ಲಿ ನಿಂತಾಗ ಮೂಗಿಗೆ ಬಡಿದದ್ದು ನಮ್ಮನೆಯ ವಾಸನೆ: ಕುದಿಯುವ ಹಾಲು, ಮೇಲೆ ಬರುವ ನೊರೆ, ಹದಕ್ಕೆ ಬರುವ ಮೊದಲಿನ ಆ ಒಂದು ಕಮಟು. ಮಾವನವರು ಪಕ್ಕದಲ್ಲೇ ನಿಂತ ಹಾಗಾಗಿ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದು ಹೇಳಿ ತಪ್ಪಿಸಿಕೊಳ್ಳೋಣವೆಂದರೆ ಹೊಗೆ ಅಚ್ಚುಕಟ್ಟಾಗಿ ಸಮುದ್ರದ ಕಡೆ ಹೋಗುತ್ತಿತ್ತು.

ಸುತ್ತಲ ಮನೆಗಳ ಅಂಗಳದಲ್ಲಿ ಬಿಳಿ ಬಟ್ಟೆಗಳು ಒಣಗುತ್ತಿದ್ದವು. ನಾನು ಗೋಡೆಗಳನ್ನು ಬೆರಳಿನಿಂದ ಉಜ್ಜಿ ನೋಡಿದೆ. ಮಸಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹಳೆಯ ಮಸಿ.

"ಕಾಕಾ, ಚಿಮಣಿ ನಮ್ಮದಕಿಂತಾ ಗಿಡ್ಡೈತಿ. ಮ್ಯಾಲೆ ಎಬ್ಬಿಸಿದ್ರ ಆಗ್ತಿತ್ತಲ್ಲ, ಕೇಳ್ರಿ."

ಪ್ರಶ್ನೆ ಹಿಂದಿಯಾಗಿ, ಜಪಾನಿಯಾಗಿ ಹೋಗಿ, ನಗೆಯಾಗಿ ಮರಳಿ ಬಂತು.

"ಎತ್ತರ ಮಾಡಿದ್ರ ಬಾಜೂ ಊರಾಗ ಬೀಳ್ತೈತಂತ," ಎಂದರು ಕಾಕಾ. "ಅವರೂ ಬಟ್ಟಿ ಒಗೀತಾರಂತ."

ಊಟದ ಚಿಂತೆಯೂ ಸುಳ್ಳಾಯಿತು. ಕಾಕಾ ತಿನ್ನಬಾರದ್ದು ಒಂದು, ನಾನು ತಿನ್ನಬಾರದ್ದು ಹಲವು. ನಾವು ಉಳಿದಿದ್ದ ಮನೆಯವರು ಇದನ್ನೆಲ್ಲ ಕೇಳಿಕೊಂಡು ಗಂಭೀರವಾಗಿ ತಲೆ ಆಡಿಸಿ, ಅನ್ನ, ಗೆಣಸು ಮತ್ತು ಶೇಂಗಾದ ಹಾಲನ್ನು ಹೆಪ್ಪುಗಟ್ಟಿಸಿದ ಒಂದು ಮೃದುವಾದ ಗಟ್ಟಿ ಮಾಡಿ ಇಟ್ಟರು. ನಾವು ಶೇಂಗಾ ಹಿಂಡಿ ಬಿಚ್ಚಿದೆವು. ಅವರು ಬೆರಳ ತುದಿಯಿಂದ ನೆಕ್ಕಿ ಕೆಮ್ಮಿದರು, ಮತ್ತೆ ಕೈ ಚಾಚಿದರು. ಶೇಂಗಾ ತಿನ್ನುವ ಜನರೊಂದಿಗೆ ನನಗೆಂದೂ ಜಗಳವಾಗಿಲ್ಲ.

ತೊಂದರೆ ಕೊಟ್ಟದ್ದು ಸೀರೆ. ಪ್ರಯಾಣಕ್ಕೆಂದೇ ತೆಗೆದಿರಿಸಿದ್ದ ಕೆನೆಬಣ್ಣದ ಸೀರೆ. ಉಡಬೇಡ, ಕಲೆಯಾಗುತ್ತದೆ ಎಂದು ಯಜಮಾನರು ಹೇಳಿದ್ದರು, ಅದಕ್ಕೇ ಉಟ್ಟೆ. ವಿಮಾನದ ಸಾರು ತಪ್ಪಿತು, ದೋಣಿಯ ಎಣ್ಣೆ ತಪ್ಪಿತು. ಒಗೆದು ಒಣಹಾಕಲು ಹೋದರೆ ಅಲ್ಲಿಯವರು ಅಂಗಿಯ ತೋಳಿನೊಳಗೆ ಬಿದಿರು ತೂರಿಸಿ ಒಣಗಿಸುತ್ತಾರೆ. ಸೀರೆಗೆ ತೋಳೆಲ್ಲಿ? ಇಬ್ಬರು ಹೆಂಗಸರು ಎರಡು ಗಳ ತಂದು, ಒಬ್ಬೊಬ್ಬರು ಒಂದೊಂದು ತುದಿ ಹಿಡಿದು ಬಿಚ್ಚತೊಡಗಿದರು. ಬಿಚ್ಚಿದಷ್ಟೂ ಬರುತ್ತಲೇ ಇತ್ತು. ಒಬ್ಬಾಕೆ ಅಂಗಳದ ಬೇಲಿಯವರೆಗೆ ಹೋಗಿ, ಇನ್ನೂ ಇದೆಯಾ ಎಂಬಂತೆ ತಿರುಗಿ ನೋಡಿದಳು. ನೆರೆಹೊರೆಯವರು ಕೆಲಸ ಬಿಟ್ಟು ಬಂದರು. ಅಷ್ಟು ಜನರ ಮೆಚ್ಚುಗೆ ಮದುವೆಯ ದಿನ ನಾನುಟ್ಟ ಸೀರೆಗೂ ಸಿಕ್ಕಿರಲಿಲ್ಲ.

ಬಾವುಟದ ಆಯಿ

ಗಾಣದ ಹಿಂದೆ ಒಂದು ಎತ್ತರದ ಗಳವಿತ್ತು, ಅದರ ತುದಿಗೆ ಬಿಳಿ ಬಟ್ಟೆ. ದೇವರದಿರಬೇಕೆಂದು ನಾನು ಕೈ ಮುಗಿದೆ. ದೇವರದಲ್ಲ, ಹಾರುಕೊ ಎಂಬ ಮುದುಕಿಯದು. ನಮ್ಮ ಕಾಕಾ ಅವರನ್ನು ನೋಡಿದ ಗಳಿಗೆಯೇ, ನಮ್ಮ ಕಡೆ ಅಜ್ಜಿಯನ್ನು ಕರೆಯುವ ಹಾಗೆ, "ಆಯಿ" ಎಂದರು, ನಾನೂ ಹಾಗೆಯೇ ಕರೆದೆ.

ಆಯಿ ನಸುಕಿನಲ್ಲಿ ಎದ್ದು ದಂಡೆಗೆ ಹೋಗಿ ಗಾಳಿ ನೋಡುತ್ತಾರೆ. ಗಾಳಿ ಸಮುದ್ರದ ಕಡೆಗಿದ್ದರೆ ಬಿಳಿ ಬಟ್ಟೆ ಏರುತ್ತದೆ: ಗಾಣದವರು ಒಲೆ ಹಚ್ಚಿರಿ, ಮನೆಯವರು ಬಟ್ಟೆ ಒಗೆಯಿರಿ. ಗಾಳಿ ಊರ ಕಡೆ ತಿರುಗಿದರೆ ಕೆಂಪು: ಗಾಣದವರು ಉರಿ ಹಿಂದೆ ತೆಗೆಯಿರಿ, ಮನೆಯವರು ಒಣಗಿದ್ದನ್ನು ಒಳಗೆ ಒಯ್ಯಿರಿ. ಕೆಂಪು ಏರಿದ ದಿನ ಗಾಣಕ್ಕೆ ನಷ್ಟ. ಕಡಿದ ಕಬ್ಬು ಕಾಯುವುದಿಲ್ಲ, ಹುಳಿಯಾಗುತ್ತದೆ. ಅದಕ್ಕೆ ಮರುದಿನ ಬೆಳಗ್ಗೆ, ಯಾರ ಬಟ್ಟೆ ಉಳಿಯಿತೋ ಆ ಮನೆಗಳಿಂದ ಒಬ್ಬೊಬ್ಬರು ಹೊಲಕ್ಕೆ ಬಂದು ಕಬ್ಬಿನ ರವದಿಯನ್ನು, ಅಂದರೆ ಒಣಗಿದ ಗರಿಯನ್ನು, ಸುಲಿದುಕೊಡುತ್ತಾರೆ. ಹಿಂದೆ ಬಿದ್ದ ಕೆಲಸ ಮುಂದೆ ಬರುತ್ತದೆ. ರವದಿ ಸುಡುವುದಿಲ್ಲ, ಸಾಲಿನ ನಡುವೆ ಹಾಸುತ್ತಾರೆ. ಹಾಸದಿದ್ದರೆ ಮಳೆಗೆ ಕೆಂಪು ಮಣ್ಣು ಸಮುದ್ರಕ್ಕಿಳಿಯುತ್ತದೆ, ಮೀನು ಹಿಡಿಯುವವರು ಜಗಳಕ್ಕೆ ಬರುತ್ತಾರೆ.

ನಮ್ಮಲ್ಲಿ ಇದು ಹೊಸದೇ? ಮುಯ್ಯಿ ಆಳು ಎಂದು ನಮ್ಮ ಅತ್ತೆಯವರ ಕಾಲದಲ್ಲಿ ಒಬ್ಬರ ಹೊಲಕ್ಕೆ ಒಬ್ಬರು ಹೋಗುತ್ತಲೇ ಇದ್ದರು. ಆದರೆ ಹೊಲದವರು ಹೊಲದವರಿಗೆ ಮಾಡುವ ಮುಯ್ಯಿ ಅದು. ಶಾಂಡಗಿ ಒಣಗಿಸುವವಳು ಗಾಣದವರಿಗೆ ಮಾಡುವ ಮುಯ್ಯಿ ನಾನು ಕೇಳಿರಲಿಲ್ಲ.

"ಆಯಿ, ನಿಮಗ ಈ ಕೆಲಸಾ ಯಾರ್ ಕೊಟ್ರು?" ಎಂದು ಕೇಳಿಸಿದೆ.

ಉತ್ತರ ಬರುವ ಹೊತ್ತಿಗೆ ಕಾಕಾ ನಗುತ್ತಿದ್ದರು. "ಎಲ್ಲಾರಕಿಂತಾ ಹೆಚ್ಚ ಜಗಳಾ ತೆಗೀತಿದ್ದಾಕಿ ಈಕೀನ ಅಂತ. ದಿನಾ ಬಂದು ಒಲಿ ಮುಂದ ಒದರ್ತಿದ್ಲಂತ. ಸಾಕಾಗಿ ಗಾಣದಾವ್ರು ಬಟ್ಟಿ ಕೈಯಾಗ ಕೊಟ್ಟು, ಇನ್ ನೀನ ನೋಡ್ಕೋ ಅಂದ್ರಂತ."

ನನಗೆ ಗಂಗವ್ವನ ಮುಖ ಕಣ್ಣ ಮುಂದೆ ಬಂತು. ಅವಳ ಕೈಗೆ ಕೆಂಪು ಬಟ್ಟೆ ಕೊಟ್ಟರೆ ಇಳಿಸಿಯಾಳೇ? ಈ ಚಿಂತೆಯನ್ನೂ ಮುಂದಿಟ್ಟೆ. ದಿನಾ ಕೆಂಪನ್ನೇ ಏರಿಸಿದರೆ?

ಆಯಿ ಉದ್ದಕ್ಕೆ ಏನೋ ಹೇಳಿದರು. ಮಿಯುಕಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡು ಹೇಳಿದಳು. ಕಾಕಾ ಈ ಸಲ ನಗಲಿಲ್ಲ.

"ಬಾವುಟಾ ಹಿಡದಾಕೀದು ಬಟ್ಟೀನೂ ಅಂಗಳದಾಗ ಒಣಗಬೇಕಂತ, ಕಬ್ಬೂ ಗಾಣಕ್ಕ ಬರಬೇಕಂತ. ಎರಡೂ ಇದ್ದಾಕೀನ ಹಿಡೀಬೇಕು. ಈಕೀ ತಮ್ಮನ ಕಬ್ಬು ಇಲ್ಲೇ ಅರೀತೈತಿ. ಸುಮ್‌ಸುಮ್ನ ಕೆಂಪ ಏರಿಸಿದ್ರ ತಮ್ಮ ಮನಿಗೆ ಬಂದು ಬೈತಾನ. ಏರಸ್ದೇ ಬಿಟ್ರ ಸೊಸಿ ಬೈತಾಳ. ಬೈಗುಳಾ ಎರಡೂ ಕಡಿಂದ ಬರೂತನಕಾ ಗಾಳಿ ಸರಿ ನೋಡ್ತೀನಿ ಅಂತಾಳ."

ಎಲ್ಲ ಸುರಳೀತ ಎಂದೂ ಆಯಿ ಹೇಳಲಿಲ್ಲ. ಒಂದು ಸುಗ್ಗಿಯ ತುಂಬ ಗಾಣದವರೂ ಆಕೆಯೂ ಮಾತು ಬಿಟ್ಟಿದ್ದರಂತೆ. ಆಗಲೂ ಬಾವುಟ ಮಾತ್ರ ಏರುತ್ತಿತ್ತಂತೆ, ಇಳಿಯುತ್ತಿತ್ತಂತೆ.

ಕೆಂಪು ವಸ್ತ್ರ

ಮರುದಿನ ಬೆಳಗ್ಗೆ ಗಾಳಿ ಚೆನ್ನಾಗಿತ್ತು, ಬಿಳಿ ಏರಿತ್ತು, ಕೊಪ್ಪರಿಗೆ ಕುದಿಯುತ್ತಿತ್ತು. ನಾನು ಒಲೆಯ ಬಳಿ ಕೂತು ಸಿಪ್ಪೆ ಎಷ್ಟು ಒಣಗಿಸುತ್ತಾರೆಂದು ಮುಟ್ಟಿ ನೋಡುತ್ತಿದ್ದೆ. ನಮ್ಮ ಸಿಪ್ಪೆಗಿಂತ ಬಹಳ ಒಣಗಿತ್ತು. ಹೊಗೆ ಅರ್ಧ ಅಲ್ಲೇ ಕಡಿಮೆ.

ಇದ್ದಕ್ಕಿದ್ದಂತೆ ಹೊರಗೆ ಕೂಗು. ಹೆಂಗಸರು ಅಂಗಳಗಳಲ್ಲಿ ಓಡಾಡಿ ಬಟ್ಟೆ ಬಾಚಿಕೊಂಡು ಒಳಗೆ ಹೋಗುತ್ತಿದ್ದರು. ಗಾಣದವರು ಒಂದು ಸಲ ಕಿಟಕಿಯಾಚೆ ನೋಡಿದವರೇ ಉದ್ದನೆಯ ಕೋಲಿನಿಂದ ಒಲೆಯ ಉರಿ ಹೊರಗೆಳೆದರು. ಹದಕ್ಕೆ ಬರಲಿದ್ದ ಕೊಪ್ಪರಿಗೆ ಗೊಣಗುತ್ತ ತಣ್ಣಗಾಯಿತು. ನಾನು ಹೊರಗೆ ಬಂದು ತಲೆ ಎತ್ತಿದೆ. ಹೊಗೆ ಸಮುದ್ರದ ಕಡೆಗೇ ಹೋಗುತ್ತಿತ್ತು. ಗಳದ ತುದಿಯಲ್ಲಿ ಮಾತ್ರ ಕೆಂಪು.

ಆ ಕೆಂಪು ನನಗೆ ಪರಿಚಯದ್ದು. ಅದರ ಅಂಚು ನಮ್ಮ ಪೇಟೆಯದು. ಹೆಗಲ ಮೇಲೆ ಹಾಕಿಕೊಳ್ಳುವ ಆ ವಸ್ತ್ರವನ್ನು ಕಾಕಾ ಒಗೆದಿದ್ದರು. ಬಿಸಿಲೂ ಗಾಳಿಯೂ ಎಲ್ಲಕ್ಕಿಂತ ಚೆನ್ನಾಗಿ ಸಿಗುವ ಜಾಗ ಹುಡುಕಿದ್ದರು. ಹಗ್ಗವಿತ್ತು, ಬಿಳಿ ಬಟ್ಟೆ ಬಿಚ್ಚಿ ಇದನ್ನು ಕಟ್ಟಿ ಎಳೆದಿದ್ದರು.

"ಕಾಕಾ! ಏನ್ ಮಾಡಿದ್ರಿ!"

"ಯಾಕ, ಒಣಗಾಕ ಹಾಕೀನಿ."

"ನಿನ್ನಿ ಕೆಂಪು ಅಂದ್ರ ಏನಂತ ಹೇಳಿದ್ದು ನೀವ ಅಲ್ರೀ, ನಿಮ್ಮ ಬಾಯಿಲೇ!"

ಕಾಕಾ ಗಳ ನೋಡಿದರು. ಖಾಲಿ ಅಂಗಳ ನೋಡಿದರು. ನನ್ನ ಬದುಕಿನಲ್ಲಿ ಮೊದಲ ಸಲ ಅವರ ಮುಖದಲ್ಲಿ ಚಿಂತೆ ಕಂಡೆ. "ಅದು ಆಯಿ ಹೇಳಿದ್ದು. ನಾ ಬರೇ ತರ್ಜುಮಿ ಮಾಡ್ದಾಂವಾ," ಎಂದರು ಸಣ್ಣ ದನಿಯಲ್ಲಿ. "ಹೇಳೂ ಗದ್ದಲದಾಗ ಕೇಳೂದು ಉಳೀತು ನೋಡು."

ಆಯಿ ಬಂದರು. ವಸ್ತ್ರ ಇಳಿಸಿದರು. ಅದನ್ನು ಹಿಂಡಿ ನೋಡಿ ಇನ್ನೂ ಹಸಿಯಿದೆ ಎಂಬಂತೆ ಕಾಕಾನ ಹೆಗಲಿಗೆ ಹಾಕಿದರು. ಬೈಗುಳ ಬರಲಿಲ್ಲ. ಅವರು ಸೊಂಟ ಹಿಡಿದುಕೊಂಡು ನಗತೊಡಗಿದರು. ಆಮೇಲೆ ಗಾಣದವರು, ಆಮೇಲೆ ಬಟ್ಟೆ ಅಪ್ಪಿಕೊಂಡು ನಿಂತಿದ್ದ ಹೆಂಗಸರು. ಕಾಕಾ ತರ್ಜುಮೆ ಮಾಡುವ ಸ್ಥಿತಿಯಲ್ಲಿರಲಿಲ್ಲ, ಮಿಯುಕಿಯೇ ನನಗೆ ತಿಳಿಯುವಂತೆ ಬಿಡಿಸಿ ಬಿಡಿಸಿ ಹೇಳಿದಳು: ಗಾಳಿ ಸರಿಯಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಆದರೂ ಒಬ್ಬರೂ ವಾದ ಮಾಡಲಿಲ್ಲ, ಉರಿ ತೆಗೆದರು. ಅಷ್ಟು ಸಾಕು ಎನ್ನುತ್ತಿದ್ದಾರೆ ಆಯಿ.

ಕೆಟ್ಟ ಕೊಪ್ಪರಿಗೆ ಮತ್ತೆ ಬೆಲ್ಲವಾಗಲಿಲ್ಲ, ನಮ್ಮ ಕಾಕವಿಯಂತೆ ಪಾಕವಾಗಿಯೇ ಉಳಿಯಿತು. ಸಂಜೆ ಊರವರೆಲ್ಲ ಬಾಟಲಿ ಹಿಡಿದು ಬಂದು ತುಂಬಿಸಿಕೊಂಡು ಹೋದರು. ನಾವು ಕಡೆಯ ಖಡಕ್ ರೊಟ್ಟಿಗಳನ್ನು ತೆಗೆದು ಅದರಲ್ಲಿ ಅದ್ದಿ ಹಂಚಿದೆವು. ಕಟುಂ ಎಂಬ ಸದ್ದಿಗೆ ಅವರು ಮೊದಲು ಬೆಚ್ಚಿದರು, ಹಲ್ಲು ಮುರಿಯಿತೋ ಎಂದು. ಮರುದಿನ ಬೆಳಗ್ಗೆ ಕಾಕಾ ಯಾರೂ ಕರೆಯದೆ ಹೊಲಕ್ಕೆ ಹೋಗಿ ಎಲ್ಲರ ಜೊತೆ ರವದಿ ಸುಲಿದರು. ಕೆಂಪು ವಸ್ತ್ರವನ್ನು ತಲೆಗೆ ಸುತ್ತಿಕೊಂಡಿದ್ದರು. ಕಂಡವರೆಲ್ಲ ಒಣಗುತ್ತಿದ್ದ ಬಟ್ಟೆಗೆ ಕೈ ಹಾಕಿ ಓಡುವಂತೆ ನಟಿಸಿ ನಕ್ಕರು.

ಮತ್ತೆ ಕೊಣ್ಣೂರ

ಸೂಟ್‌ಕೇಸು ನಾಲ್ಕೂ ಗಾಲಿಗಳೊಡನೆ ಹುಕ್ಕೇರಿಗೆ ಮರಳಿತು. ಓಣಿಯವರು ಕೂಡಿದರು. ಜಪಾನಿನಿಂದ ಯಂತ್ರದ ಫೋಟೋ ತಂದಿರುತ್ತೇವೆಂದು ಕಾದಿದ್ದವರಿಗೆ ನಾನು ಗಳ ಮತ್ತು ಎರಡು ತುಂಡು ಬಟ್ಟೆಯ ಕತೆ ಹೇಳಿದೆ.

"ಇಷ್ಟಕ್ಕ ಅಷ್ಟ ದೂರ ಹೋಗಿದ್ರೇನ್ರಿ?" ಎಂದರು ಒಬ್ಬರು. ಯಜಮಾನರು ನೆಲ ನೋಡಿದರು.

"ಬಾವುಟಾ ಗಂಗವ್ವನ ಕೈಯಾಗ ಇರಲಿ," ಎಂದೆ. "ಆಕಿ ಕೆಂಪ ಏರಿಸಿದ್ರ ನಾವು ಉರಿ ತೆಗೀತೀವಿ. ವಾದಿಲ್ಲ. ಸಿಪ್ಪಿ ಪೂರಾ ಒಣಗೂತನಕಾ ಒಲಿಗೆ ಹಾಕೂದಿಲ್ಲ."

ಗಂಗವ್ವ ಸೆರಗು ಸರಿಮಾಡಿಕೊಂಡು ನನ್ನನ್ನು ಅಳೆದು ನೋಡಿದಳು. "ದಿನಾ ಕೆಂಪ ಏರಿಸಿದ್ರ ಏನ ಮಾಡ್ತೀ ಬೇ?"

"ಏರಸಾಕ ಬಾರದಂಗ ಇನ್ನೊಂದ ಮಾತೈತಿ. ನಿಮ್ಮ ಸಂಘದ ಕರದಂಟಿಗೆ ಬೆಲ್ಲಾ ಇನ್ನ ಮ್ಯಾಲೆ ನಮ್ಮ ಗಾಣದಿಂದ. ನೀ ಉರಿ ನಿಲ್ಸಿದ್ರ ನಿನ್ನ ಕರದಂಟು ನಿಲ್ತೈತಿ."

ಹಿರಿಯರು ನಕ್ಕರು. ಗಂಗವ್ವ ನಗಲಿಲ್ಲ. ಅವಳು ಲೆಕ್ಕ ಹಾಕುತ್ತಿದ್ದಳು, ಮೂಡಲಗಿಯ ಬಸ್ಸು, ತಲೆಯ ಮೇಲಿನ ಹೊರೆ, ಮೊಮ್ಮಗಳ ಕೆಮ್ಮು, ಎಲ್ಲವನ್ನೂ. ನಾನು ಉಸಿರು ಹಿಡಿದಿದ್ದೆ. ವಿಮಾನದಲ್ಲೂ ಅಷ್ಟು ಹಿಡಿದಿರಲಿಲ್ಲ.

"ಬೆಲ್ಲದಾಗ ಕಸಾ ಕಂಡ್ರ ಅವತ್ತೂ ಕೆಂಪ ಏರಸ್ತೀನಿ," ಎಂದಳು. "ಆತು, ಕೊಡ್ರಿ ಬಾವುಟಾ ಇಲ್ಲೆ." ಈ ಹಂಗಾಮು ಮುಗಿಯುವವರೆಗೆ ನೋಡೋಣ ಎಂದು ಹಿರಿಯರು ಎದ್ದರು.

ಶಿವರಾತ್ರಿ ದಾಟಿದ ಮೇಲೆ ಒಂದು ಮಧ್ಯಾಹ್ನ ಪಡುಗಾಳಿ ಎದ್ದಿತು. ಕೆಂಪು ಏರಿತು. ಯಜಮಾನರು ಹಲ್ಲು ಕಚ್ಚಿ ಉರಿ ಹಿಂದೆಗೆದರು, ಕಾಕಾ ಕೊಪ್ಪರಿಗೆಯತ್ತ ನೋಡದೆ ಬೀಡಿ ಹಚ್ಚಿದರು. ಹೊಗೆ ಆರುವಷ್ಟರಲ್ಲಿ ಒಂದು ಸುರುಳಿ ಓಣಿಯ ಮೇಲೆ ಹಾದುಹೋಯಿತು. ಆದರೆ ಅಷ್ಟು ಹೊತ್ತಿಗೆ ಓಣಿಯ ಬಟ್ಟೆಗಳೆಲ್ಲ ಒಳಗೆ, ಶಾಂಡಗಿಯ ಹಾಸು ಒಳಗೆ, ಮೊಮ್ಮಗಳು ಒಳಗೆ. ನಾನು ಗಾಣದ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ಇದನ್ನೆಲ್ಲ ನೋಡಿ ಹಿಗ್ಗಿದೆ. ಎದೆಯೊಳಗೆ ಒಂದು ಚಿಂತೆಯೂ ಇರಲಿಲ್ಲ, ಅದೇ ನನಗೆ ಅನುಮಾನ ತರಬೇಕಿತ್ತು.

ಮರುದಿನ ನಸುಕಿನಲ್ಲಿ ಗಂಗವ್ವ ಸಂಘದ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ರವದಿ ಸುಲಿಯಲು ಬಂದಳು. ಯಾರೂ ಕರೆದಿರಲಿಲ್ಲ. ನಮ್ಮ ಹಿತ್ತಲು ದಾಟುವಾಗ ಗಕ್ಕನೆ ನಿಂತು ತಂತಿಯ ಕಡೆ ಕೈ ತೋರಿಸಿದಳು.

"ಯಕ್ಕಾ, ಊರ ಮಂದೀ ಬಟ್ಟಿ ನೋಡಿದಿ. ನಿಂದ್ಯಾರ್ ನೋಡ್ತಾರ ಬೇ?"

ವಿಮಾನದ ಸಾರು, ದೋಣಿಯ ಎಣ್ಣೆ, ಸಮುದ್ರದ ಉಪ್ಪುಗಾಳಿ ಎಲ್ಲವನ್ನೂ ದಾಟಿ ಬಂದಿದ್ದ ನನ್ನ ಕೆನೆಬಣ್ಣದ ಸೀರೆ ಅಲ್ಲಿ ಹಿಂದಿನ ಮಧ್ಯಾಹ್ನದಿಂದ ನೇತಾಡುತ್ತಿತ್ತು, ಸೆರಗಿನಿಂದ ಒಡಲವರೆಗೆ ಗಸಗಸೆ ಚೆಲ್ಲಿದಂತೆ ಮಸಿ ಹೊದ್ದುಕೊಂಡು.